ಬೀಟ್ ಸಕ್ಕರೆಯ ಸೀಮೆ ಕೈ ಬದಲಿಸಿದ್ದು ಹೇಗೆ? ಮಿನ್ನೆಸೋಟ 7ನೇ ಕ್ಷೇತ್ರದ ಹಿನ್ನೆಲೆ

2016ರ ನವೆಂಬರ್‌ನಲ್ಲಿ ಅಮೆರಿಕದ ಮಿನ್ನೆಸೋಟ ರಾಜ್ಯದ 7ನೇ ಕ್ಷೇತ್ರದ ಜನ ಅಧ್ಯಕ್ಷ ಸ್ಥಾನಕ್ಕೆ ಡೊನಾಲ್ಡ್ ಟ್ರಂಪ್ ಅವರನ್ನು ಸುಮಾರು 31 ಪರ್ಸೆಂಟ್ ಅಂತರದಿಂದ ಗೆಲ್ಲಿಸಿದರು. ಅದೇ ದಿನ, ಅದೇ ಮತಪತ್ರದಲ್ಲಿ, ಡೆಮಾಕ್ರಟಿಕ್ ಪಕ್ಷದ ಕಾಲಿನ್ ಪೀಟರ್‌ಸನ್ ಅವರನ್ನು ಅಮೆರಿಕದ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ರೆಪ್ರೆಸೆಂಟೇಟಿವ್ಸ್‌ಗೆ 14ನೇ ಸಲ ಕಳಿಸಿದರು. ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಪೀಟರ್‌ಸನ್ 13 ಪರ್ಸೆಂಟ್‌ಗೂ ಜಾಸ್ತಿ ಅಂತರದಿಂದ ಸೋತರು. ಆಗ ಅವರು ಹೌಸ್‌ನ ಕೃಷಿ ಸಮಿತಿಯ ಅಧ್ಯಕ್ಷರು. ರೈತರೇ ತುಂಬಿರುವ ಕ್ಷೇತ್ರ ಕೃಷಿ ಸಮಿತಿಯ ಅಧ್ಯಕ್ಷರನ್ನೇ ಮನೆಗೆ ಕಳಿಸಿತು.

ಇದನ್ನು ಟ್ರಂಪ್ ಅಲೆ ಅಂತ ಒಂದೇ ಮಾತಿನಲ್ಲಿ ಮುಗಿಸುವವರು ಬಹಳ. ಅಷ್ಟು ಸರಳ ಅಲ್ಲ. ಈ ಸೀಮೆಯ ರಾಜಕೀಯ ಅರ್ಥವಾಗಬೇಕಾದರೆ ನೂರು ವರ್ಷ ಹಿಂದಕ್ಕೆ ಹೋಗಬೇಕು, ಜೊತೆಗೆ ಅಲ್ಲಿನ ಮಣ್ಣನ್ನೂ ನೋಡಬೇಕು.

ಮಿನ್ನೆಸೋಟದ ಪಶ್ಚಿಮದ ಅಂಚಿನಲ್ಲಿ, ಎರಡು ಡಕೋಟ ರಾಜ್ಯಗಳಿಗೆ ತಾಗಿಕೊಂಡು ಉದ್ದಕ್ಕೆ ಹಬ್ಬಿದ ಕ್ಷೇತ್ರ ಇದು. ವಾಯವ್ಯದಲ್ಲಿ ರೆಡ್ ನದಿಯ ಬಯಲು. ಹಿಮಯುಗದ ಕೊನೆಯಲ್ಲಿ ಅಲ್ಲಿ ಅಗಸಿಜ್ ಅನ್ನುವ ದೊಡ್ಡ ಸರೋವರ ಇತ್ತು. ಅದು ಬತ್ತಿದ ತಳವೇ ಇವತ್ತಿನ ಕಪ್ಪು ಮಣ್ಣಿನ ಹೊಲ. ನೆಲ ಎಷ್ಟು ಸಮತಟ್ಟು ಅಂದರೆ ಧಾನ್ಯ ತುಂಬಿಡುವ ಎಲಿವೇಟರ್‌ಗಳು ಮೈಲಿಗಟ್ಟಲೆ ದೂರದಿಂದಲೇ ಕಾಣುತ್ತವೆ. ಗೋಧಿ, ಸೋಯಾ, ಮೆಕ್ಕೆಜೋಳ, ಸಕ್ಕರೆ ಬೀಟ್ (ಸಕ್ಕರೆ ತೆಗೆಯುವ ಗೆಡ್ಡೆ) ಇಲ್ಲಿನ ಬೆಳೆ. ಇಡೀ ಅಮೆರಿಕದಲ್ಲಿ ಸಕ್ಕರೆ ಬೀಟ್ ಮತ್ತು ಟರ್ಕಿ ಕೋಳಿ ಎರಡರಲ್ಲೂ ಮಿನ್ನೆಸೋಟ ಮುಂದಿದೆ. ಉತ್ತರದಲ್ಲಿ ನಾರ್ವೆಯಿಂದ ಬಂದ ಲುಥೆರನ್ನರು, ಮಧ್ಯದಲ್ಲಿ ಜರ್ಮನ್ ಕ್ಯಾಥೊಲಿಕ್ಕರು ನೆಲೆಸಿದರು. ಇವರೆಲ್ಲರಿಗಿಂತ ಮೊದಲೇ ಇದ್ದವರು ಒಜಿಬ್ವೆ ಮತ್ತು ಡಕೋಟ ಜನ. ಬೀಟ್ ಹೊಲದ ಕಳೆ ಕೀಳಲು ದಶಕಗಳ ಕಾಲ ಟೆಕ್ಸಾಸ್‌ನಿಂದ ಬರುತ್ತಿದ್ದ ಮೆಕ್ಸಿಕನ್ ಮೂಲದ ಕುಟುಂಬಗಳಲ್ಲಿ ಕೆಲವು ಇಲ್ಲೇ ಉಳಿದವು. ವಿಲ್‌ಮಾರ್ ಊರಲ್ಲಿ ಈಗ ಲ್ಯಾಟಿನೋ ಕುಟುಂಬಗಳೂ ಸೊಮಾಲಿ ಕುಟುಂಬಗಳೂ ದೊಡ್ಡ ಸಂಖ್ಯೆಯಲ್ಲಿವೆ. ಟರ್ಕಿ ಮಾಂಸದ ಕಾರ್ಖಾನೆ ಅಲ್ಲಿನ ದೊಡ್ಡ ಕೆಲಸ. 'ಗ್ರಾಮೀಣ ಕ್ಷೇತ್ರ' ಅಂದ ಕೂಡಲೇ ಒಂದೇ ಬಗೆಯ ಜನ ಅಂದುಕೊಳ್ಳುವುದು ಇಲ್ಲಿ ತಪ್ಪಾಗುತ್ತದೆ.

ಶುರುವಿನ ಜಗಳ ಬೆಲೆಯದು. ರೈತ ಬೆಳೆದ ಗೋಧಿಯ ದರ್ಜೆ ನಿರ್ಧರಿಸುತ್ತಿದ್ದವರು ಎಲಿವೇಟರ್‌ನವರು, ದರ ಕಟ್ಟುತ್ತಿದ್ದವರು ಮಿನಿಯಾಪೊಲಿಸ್‌ನ ಹಿಟ್ಟಿನ ಗಿರಣಿಗಳ ಕಡೆಯವರು. ಇದರ ವಿರುದ್ಧ 1915ರಲ್ಲಿ ಪಕ್ಕದ ನಾರ್ತ್ ಡಕೋಟದಲ್ಲಿ ನಾನ್‌ಪಾರ್ಟಿಸನ್ ಲೀಗ್ ಅನ್ನುವ ರೈತರ ಸಂಘಟನೆ ಹುಟ್ಟಿತು. ಎಲಿವೇಟರ್, ಗಿರಣಿ, ಬ್ಯಾಂಕು ಮೂರನ್ನೂ ಸರ್ಕಾರವೇ ನಡೆಸಲಿ ಅಂತ ಅದರ ಬೇಡಿಕೆ. ನದಿ ದಾಟಿ ಮಿನ್ನೆಸೋಟಕ್ಕೆ ಬಂದ ಆ ಚಳವಳಿಯಿಂದ ಫಾರ್ಮರ್-ಲೇಬರ್ (ರೈತ-ಕಾರ್ಮಿಕ) ಪಕ್ಷ ಬೆಳೆಯಿತು. 1944ರಲ್ಲಿ ಅದು ಡೆಮಾಕ್ರಟಿಕ್ ಪಕ್ಷದ ಜೊತೆ ಸೇರಿತು. ಅದಕ್ಕೇ ಆ ರಾಜ್ಯದಲ್ಲಿ ಡೆಮಾಕ್ರಟರನ್ನು ಇವತ್ತಿಗೂ ಡಿಎಫ್‌ಎಲ್ (ಡೆಮಾಕ್ರಟಿಕ್-ಫಾರ್ಮರ್-ಲೇಬರ್) ಅಂತ ಕರೆಯುತ್ತಾರೆ.

ಈ ನಡುವೆ ಗ್ರಾನೈಟ್ ಫಾಲ್ಸ್ ಊರಿನ ಆಂಡ್ರ್ಯೂ ವೋಲ್‌ಸ್ಟೆಡ್ ಅವರನ್ನು ಮರೆಯುವಂತಿಲ್ಲ. 1903ರಿಂದ 1923ರವರೆಗೆ ಆಗಿನ 7ನೇ ಕ್ಷೇತ್ರದ ರಿಪಬ್ಲಿಕನ್ ಸದಸ್ಯರಾಗಿದ್ದವರು. ಪಾನನಿಷೇಧದ ಕಾಯ್ದೆಯಿಂದಲೇ ಅವರ ಹೆಸರು ಉಳಿದಿದೆ. ಆದರೆ ಈ ಸೀಮೆಗೆ ಅದಕ್ಕಿಂತ ದೊಡ್ಡದು 1922ರ ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆ. ರೈತರು ಒಟ್ಟಾಗಿ ಸಂಘ ಕಟ್ಟಿ ಫಸಲು ಮಾರಿದರೆ ಅದು ಏಕಸ್ವಾಮ್ಯ ವಿರೋಧಿ ಕಾನೂನಿನ ಉಲ್ಲಂಘನೆ ಆಗುವುದಿಲ್ಲ ಅಂತ ಹೇಳಿದ ಕಾಯ್ದೆ ಅದು. ಅದೇ ವರ್ಷದ ಚುನಾವಣೆಯಲ್ಲಿ ವೋಲ್‌ಸ್ಟೆಡ್ ಅವರನ್ನು ಓಲೆ ಕ್ವಾಲೆ ಅನ್ನುವ ಲುಥೆರನ್ ಪಾದ್ರಿ ಸೋಲಿಸಿದರು. ಕೆಲಸ ಮಾಡಿದವರನ್ನೂ ಕೆಳಗಿಳಿಸುವುದು ಇಲ್ಲಿ 2020ರಲ್ಲಿ ಶುರುವಾದದ್ದಲ್ಲ.

ಎರಡನೇ ಮಹಾಯುದ್ಧದ ನಂತರದ ಹೆಸರುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಕೋಯಾ ನಟ್‌ಸನ್. ಓಕ್ಲೀ ಅನ್ನುವ ಪುಟ್ಟ ಊರಿನವರು. ಗಂಡ ಆಂಡಿ ಜೊತೆ ಅಲ್ಲಿ ಹೋಟೆಲ್ ನಡೆಸುತ್ತಿದ್ದರು, ಶಾಲೆಯಲ್ಲಿ ಪಾಠವನ್ನೂ ಹೇಳಿದ್ದರು. 1954ರಲ್ಲಿ ಡಿಎಫ್‌ಎಲ್ ಪಕ್ಷದ ಹಿರಿಯರು ಬೇರೆಯವರನ್ನು ಬಯಸಿದ್ದರೂ ತಾವೇ ಊರೂರು ಸುತ್ತಿದರು, ಅಕಾರ್ಡಿಯನ್ ನುಡಿಸುತ್ತಾ ಹಾಡಿ ವೋಟು ಕೇಳಿದರು, ಗೆದ್ದರು. ಮಿನ್ನೆಸೋಟದಿಂದ ಕಾಂಗ್ರೆಸ್‌ಗೆ, ಅಂದರೆ ಅಮೆರಿಕದ ಸಂಸತ್ತಿಗೆ, ಆಯ್ಕೆಯಾದ ಮೊದಲ ಮಹಿಳೆ ಅವರು. ಆ ವಾಯವ್ಯ ಭಾಗ ಆಗ 9ನೇ ಕ್ಷೇತ್ರ. ರಾಜ್ಯ ಒಂದು ಸೀಟು ಕಳೆದುಕೊಂಡ ಮೇಲೆ, 1960ರ ದಶಕದಲ್ಲಿ ಅದು 7ನೇ ಕ್ಷೇತ್ರವಾಯಿತು. ಹೌಸ್‌ನ ಕೃಷಿ ಸಮಿತಿಯಲ್ಲಿ ಕೂತ ಮೊದಲ ಮಹಿಳೆಯೂ ಕೋಯಾ ಅವರೇ. 1958ರ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆಯಲ್ಲಿ ಕಾಲೇಜು ಹುಡುಗರಿಗೆ ಸಾಲ ಕೊಡುವ ಭಾಗ ಬಂದದ್ದರ ಹಿಂದೆ ಅವರ ದುಡಿಮೆ ಇದೆ.

1956ರ ಅಧ್ಯಕ್ಷೀಯ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳ ಚುನಾವಣೆಯಲ್ಲಿ, ರಾಜ್ಯದ ಪಕ್ಷ ನಾಯಕರು ಅಡ್ಲೈ ಸ್ಟೀವನ್‌ಸನ್ ಪರ ನಿಂತಿದ್ದರು. ಕೋಯಾ ಎಸ್ಟಿಸ್ ಕೀಫಾವರ್ ಪರ ನಿಂತರು, ಆ ಪ್ರೈಮರಿಯಲ್ಲಿ ಕೀಫಾವರ್ ಗೆದ್ದೂ ಬಿಟ್ಟರು. ಪಕ್ಷದೊಳಗೆ ಆದ ಮುರಿತ ಆಮೇಲೆ ಕೂಡಿಕೊಳ್ಳಲಿಲ್ಲ. 1958ರಲ್ಲಿ ಗಂಡನ ಸಹಿ ಇದ್ದ ಒಂದು ಪತ್ರ ಪತ್ರಿಕೆಗಳಲ್ಲಿ ಬಂತು. ಚುನಾವಣೆ ಬಿಟ್ಟು ಮನೆಗೆ ಬಾ ಅಂತ ಹೆಂಡತಿಗೆ ಕೇಳಿಕೊಂಡ ಪತ್ರ. ಅದನ್ನು ಆತ ಸ್ವಂತವಾಗಿ ಬರೆದಿರಲಿಲ್ಲ, ಸಹಿ ಮಾತ್ರ ಅವನದು ಅನ್ನುವುದು ಗೊತ್ತಾಗುವಷ್ಟರಲ್ಲಿ 'ಕೋಯಾ, ಮನೆಗೆ ಬಾ' ಅನ್ನುವ ತಲೆಬರಹ ದೇಶವೆಲ್ಲಾ ಸುತ್ತಿಬಂದಿತ್ತು. ಆ ಮನೆಯಲ್ಲಿ ಕುಡಿತ, ಹೊಡೆತ ಇತ್ತು. ಅದನ್ನು ಬಾಯಿಬಿಟ್ಟು ಹೇಳುವ ಕಾಲ ಅದಾಗಿರಲಿಲ್ಲ. ಆ ವರ್ಷ ದೇಶದ ತುಂಬಾ ಡೆಮಾಕ್ರಟರ ಅಲೆ. ಆದರೂ ಕೋಯಾ 1,390 ಮತಗಳಿಂದ ರಿಪಬ್ಲಿಕನ್ ಪಕ್ಷದ ಒಡಿನ್ ಲ್ಯಾಂಗೆನ್ ಅವರಿಗೆ ಸೋತರು. ಕೃಷಿ ಸಮಿತಿಯಲ್ಲಿ ಕೂತು ಕೆಲಸ ಮಾಡುತ್ತಿದ್ದ ಸದಸ್ಯೆಯೊಬ್ಬರು ಬೆಳೆಗೂ ಬೆಲೆಗೂ ಸಂಬಂಧ ಇಲ್ಲದ ವಿಷಯಕ್ಕೆ ಸೋತರು. ಈ ಮಾತು ಮುಂದೆಯೂ ಬೇಕಾಗುತ್ತದೆ.

ಲ್ಯಾಂಗೆನ್ ಅವರನ್ನು 1970ರಲ್ಲಿ ಸೋಲಿಸಿದ್ದು ರೋಸೋ ಕಡೆಯ ರೈತ, ಡಿಎಫ್‌ಎಲ್‌ನ ಬಾಬ್ ಬರ್ಗ್‌ಲ್ಯಾಂಡ್. 1977ರಲ್ಲಿ ಬರ್ಗ್‌ಲ್ಯಾಂಡ್ ಅವರನ್ನು ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೃಷಿ ಸಚಿವರನ್ನಾಗಿ ಮಾಡಿಕೊಂಡರು. ಖಾಲಿಯಾದ ಸೀಟು ಉಪಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಆರ್ಲನ್ ಸ್ಟಾಂಗ್‌ಲ್ಯಾಂಡ್ ಅವರ ಪಾಲಾಯಿತು. 1980ರ ಜನವರಿಯಲ್ಲಿ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಮಾರುವುದನ್ನು ಕಾರ್ಟರ್ ಸರ್ಕಾರ ತಡೆಹಿಡಿಯಿತು. ಆಗ ಸಚಿವರ ಕುರ್ಚಿಯಲ್ಲಿ ಇದೇ ಸೀಮೆಯ ರೈತ ಇದ್ದರು. ಆಮೇಲೆ ಬಂದದ್ದು ಏರಿದ ಬಡ್ಡಿ, ಬಿದ್ದ ಜಮೀನಿನ ಬೆಲೆ, ಹರಾಜು. 1980ರ ದಶಕದ ಕೃಷಿ ಸಂಕಟದಲ್ಲಿ ಹೊಲ ಕಳೆದುಕೊಂಡವರ ಮಕ್ಕಳು ಊರು ಬಿಟ್ಟರು. ಮಕ್ಕಳು ಕಡಿಮೆಯಾದಂತೆ ಶಾಲೆಗಳು ಒಂದಾದವು. ಕರ್ಕ್‌ಹೋವನ್-ಮರ್ಡಾಕ್-ಸನ್‌ಬರ್ಗ್ ಅಂತ ಮೂರು ಊರಿನ ಹೆಸರು ಹೊತ್ತ ಶಾಲಾ ಜಿಲ್ಲೆಯೇ ಅಲ್ಲಿದೆ.

ಪೀಟರ್‌ಸನ್ ಬಂದದ್ದು ಈ ಹಿನ್ನೆಲೆಯಲ್ಲಿ. ಹೊಲದ ಮನೆಯಲ್ಲಿ ಬೆಳೆದು ಲೆಕ್ಕಪರಿಶೋಧಕರಾದವರು. ಸೋಲು ಅವರಿಗೆ ಹೊಸದಲ್ಲ. 1986ರಲ್ಲಿ ಸ್ಟಾಂಗ್‌ಲ್ಯಾಂಡ್ ಎದುರು ಬರೀ 121 ಮತಗಳಿಂದ ಸೋತಿದ್ದರು. 1990ರಲ್ಲಿ ಗೆದ್ದರು. ಆಮೇಲೆ ಮೂವತ್ತು ವರ್ಷ ಕುರ್ಚಿ ಬಿಡಲಿಲ್ಲ. ಗರ್ಭಪಾತಕ್ಕೆ ವಿರೋಧ, ಬಂದೂಕಿನ ಹಕ್ಕಿಗೆ ಬೆಂಬಲ, ಒಬಾಮ ಅವರ ಆರೋಗ್ಯ ಕಾಯ್ದೆಗೆ 'ಇಲ್ಲ' ಮತ. ತಮ್ಮದೇ ವಿಮಾನ ಓಡಿಸಿಕೊಂಡು ಕ್ಷೇತ್ರ ಸುತ್ತುತ್ತಿದ್ದರು. ಕೆನಡಾ ಗಡಿಯ ಆಚೆ ತುಂಡಾಗಿ ಸಿಕ್ಕಿಕೊಂಡಿರುವ ನಾರ್ತ್‌ವೆಸ್ಟ್ ಆಂಗಲ್ ಆಗ ಇವರ ಕ್ಷೇತ್ರದಲ್ಲೇ ಇತ್ತು. ಅಲ್ಲಿನವರು ಮೀನು ಹಿಡಿಯುವ ನಿಯಮದ ಬಗ್ಗೆ ಕೆನಡಾ ಜೊತೆ ಜಗಳಕ್ಕೆ ಬಿದ್ದಾಗ, ಆ ಜಾಗ ಅಮೆರಿಕ ಬಿಟ್ಟು ಕೆನಡಾಕ್ಕೆ ಸೇರಲು ಮತ ಹಾಕಬಹುದು ಅನ್ನುವ ಸಂವಿಧಾನ ತಿದ್ದುಪಡಿಯನ್ನೇ 1998ರಲ್ಲಿ ಮಂಡಿಸಿದರು. ಅದು ಪಾಸಾಗುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆದರೆ ಮೀನುಗಾರರ ತಕರಾರು ವಾಷಿಂಗ್ಟನ್‌ನ ಕಿವಿಗೆ ಬಿತ್ತು.

ಅವರ ಬಲ ಇದ್ದದ್ದು ಸಕ್ಕರೆಯಲ್ಲಿ. ಅಮೆರಿಕದಲ್ಲಿ ಹೊರದೇಶದ ಸಕ್ಕರೆ ಎಷ್ಟು ಬರಬೇಕು ಅನ್ನುವುದಕ್ಕೆ ಕೋಟಾ ಇದೆ. ಕೋಟಾ ಮೀರಿದರೆ ದೊಡ್ಡ ಸುಂಕ. ಒಳಗಿನ ಸಕ್ಕರೆಗೆ ಕನಿಷ್ಠ ದರದ ಆಧಾರದ ಮೇಲೆ ಸರ್ಕಾರದ ಸಾಲ ಸಿಗುತ್ತದೆ. ಇದೆಲ್ಲಾ ಸುಮಾರು ಐದು ವರ್ಷಕ್ಕೊಮ್ಮೆ ಬರುವ ಕೃಷಿ ಮಸೂದೆಯಲ್ಲಿ ಅಡಗಿರುತ್ತದೆ. ಮಿಠಾಯಿ, ಬಿಸ್ಕತ್ತು ಮಾಡುವವರು ಇದನ್ನು ತೆಗೆಸಲು ಪ್ರತಿ ಸಲ ಒತ್ತಡ ಹಾಕುತ್ತಾರೆ, ಯಾಕೆಂದರೆ ಲೋಕದ ಮಾರುಕಟ್ಟೆಗಿಂತ ಅಮೆರಿಕದಲ್ಲಿ ಸಕ್ಕರೆ ದುಬಾರಿ. ಅವರ ವಾದದಲ್ಲೂ ಹುರುಳಿದೆ. ಆದರೆ ಆ ಕೋಟಾ ಹೋದರೆ ರೆಡ್ ನದಿಯ ಬಯಲಲ್ಲಿ ಏನೇನು ಹೋಗುತ್ತದೆ ಅನ್ನುವುದನ್ನು ಅಕ್ಟೋಬರ್‌ನಲ್ಲಿ ಅಲ್ಲಿ ನೋಡಬೇಕು.

ಅಕ್ಟೋಬರ್ ಮೊದಲ ವಾರ ಬೀಟ್ ಕೀಳುವ ದೊಡ್ಡ ಸುಗ್ಗಿ ಶುರುವಾಗುತ್ತದೆ. ಹಗಲು ರಾತ್ರಿ ಎರಡು ಪಾಳಿಯಲ್ಲಿ ಲಾರಿಗಳು ಓಡುತ್ತವೆ. ನಿವೃತ್ತ ಮೇಷ್ಟ್ರು, ದೂರದ ಊರಿನ ನೆಂಟರು, ಎಲ್ಲರೂ ಲಾರಿ ಓಡಿಸಲು ಬರುತ್ತಾರೆ. ಬಿಸಿಲು ಜಾಸ್ತಿಯಾದರೆ ಕೀಳುವುದು ನಿಲ್ಲುತ್ತದೆ, ಬೆಚ್ಚಗಿನ ಬೀಟ್ ರಾಶಿಯಲ್ಲಿ ಕೊಳೆಯುತ್ತದೆ. ಹಿಮ ಜೋರಾದರೂ ನಿಲ್ಲುತ್ತದೆ. ಬಯಲಲ್ಲೇ ಮನೆ ಎತ್ತರಕ್ಕೆ ಒಟ್ಟಿದ ರಾಶಿಗಳು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕೆಡದೆ ಉಳಿಯುತ್ತವೆ, ಕಾರ್ಖಾನೆ ತಿಂಗಳುಗಟ್ಟಲೆ ಅರೆಯುತ್ತದೆ. ಮೂರ್‌ಹೆಡ್, ಕ್ರೂಕ್‌ಸ್ಟನ್, ಈಸ್ಟ್ ಗ್ರ್ಯಾಂಡ್ ಫೋರ್ಕ್ಸ್‌ನ ಈ ಕಾರ್ಖಾನೆಗಳನ್ನು ನಡೆಸುವ ಅಮೆರಿಕನ್ ಕ್ರಿಸ್ಟಲ್ ಶುಗರ್ ಕಂಪನಿಯನ್ನು 1973ರಲ್ಲಿ ಬೆಳೆಗಾರರೇ ಸಹಕಾರ ಸಂಘವಾಗಿ ಕೊಂಡುಕೊಂಡರು. ಷೇರು ಇದ್ದವರಿಗೆ ಬೀಟ್ ಬೆಳೆದು ಕೊಡುವ ಹಕ್ಕಿದೆ, ಕೊಡಲೇಬೇಕಾದ ಹೊಣೆಯೂ ಇದೆ. ಕ್ಯಾಪರ್-ವೋಲ್‌ಸ್ಟೆಡ್ ಕಾಯ್ದೆಯ ಫಲ ಇಲ್ಲಿ ಕಣ್ಣಿಗೆ ಕಾಣುತ್ತದೆ.

2007ರಲ್ಲಿ ಪೀಟರ್‌ಸನ್ ಕೃಷಿ ಸಮಿತಿಯ ಅಧ್ಯಕ್ಷರಾದರು. 2008ರ ಕೃಷಿ ಮಸೂದೆಗೆ ಅಧ್ಯಕ್ಷ ಬುಷ್ ವೀಟೋ ಹಾಕಿದಾಗ ಕಾಂಗ್ರೆಸ್ ಅದನ್ನು ಮೀರಿ ಪಾಸು ಮಾಡಿತು. ನಗರದ ಸದಸ್ಯರಿಗೆ ಬಡವರ ಆಹಾರ ನೆರವು ಬೇಕಿತ್ತು, ಹಳ್ಳಿಯ ಸದಸ್ಯರಿಗೆ ಬೆಳೆಯ ಬೆಂಬಲ ಬೇಕಿತ್ತು. ಎರಡನ್ನೂ ಒಂದೇ ಮಸೂದೆಯಲ್ಲಿ ಕಟ್ಟಿ ದಾಟಿಸುವುದು ಹಳೆಯ ಪದ್ಧತಿ, ಅದರಲ್ಲಿ ಪೀಟರ್‌ಸನ್ ಪಳಗಿದವರು. ಆ ವರ್ಷ ಅವರು ಶೇ. 72ರಷ್ಟು ಮತ ಪಡೆದರು.

ಆದರೆ ಕೆಳಗೆ ನೆಲ ಸರಿಯುತ್ತಿತ್ತು. ಅಧ್ಯಕ್ಷ ಚುನಾವಣೆಯಲ್ಲಿ 2008ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ಮೆಕೇನ್ ಇಲ್ಲಿ ಗೆದ್ದದ್ದು ಸಣ್ಣ ಅಂತರದಿಂದ, 2012ರಲ್ಲಿ ಅದೇ ಪಕ್ಷದ ರಾಮ್ನಿಯದು 10 ಪರ್ಸೆಂಟ್‌ನ ಆಸುಪಾಸು, 2016ರಲ್ಲಿ ಟ್ರಂಪ್ ಅವರದು 31. ಕಾರಣ ಒಂದೇ ಅಲ್ಲ. ಸಹಕಾರ ಸಂಘದೊಳಗೇ ಬಿರುಕು ಕಂಡಿತು. 2011ರ ಆಗಸ್ಟ್‌ನಲ್ಲಿ ಸಕ್ಕರೆ ಕಾರ್ಖಾನೆಗಳ ಸುಮಾರು 1,300 ಕಾರ್ಮಿಕರನ್ನು ಹೊರಗಿಟ್ಟು ಬೀಗ ಹಾಕಲಾಯಿತು, ಒಪ್ಪಂದ ಆದದ್ದು 2013ರಲ್ಲಿ. ಫಾರ್ಮರ್ ಮತ್ತು ಲೇಬರ್ ಎಂಬ ಜೋಡಿ ಹೆಸರಿನ ಎರಡು ಕಡೆಯವರೂ ಆ ಎರಡು ವರ್ಷ ಗೇಟಿನ ಆಚೆ ಈಚೆ ನಿಂತಿದ್ದರು. ಕಳೆನಾಶಕ ತಡೆಯುವ ಕುಲಾಂತರಿ ಬೀಟ್ 2008ರಿಂದ ಬೇಗ ಹರಡಿತು, ಕೈಯಿಂದ ಕಳೆ ಕೀಳುವ ಕೆಲಸ ಹೆಚ್ಚುಕಡಿಮೆ ನಿಂತೇಹೋಯಿತು. ಹೊಲಗಳು ದೊಡ್ಡದಾದವು, ರೈತರು ಕಡಿಮೆಯಾದರು. ಕ್ಷೇತ್ರ ಗ್ರಾಮೀಣವಾಗೇ ಉಳಿಯಿತು, ಆದರೆ ಅಲ್ಲಿನ ಬಹುಪಾಲು ಮತದಾರರ ಸಂಬಳ ಈಗ ಹೊಲದಿಂದ ನೇರವಾಗಿ ಬರುವುದಿಲ್ಲ. ಕಿಟಕಿ ಕಾರ್ಖಾನೆ, ಸ್ನೋಮೊಬೈಲ್ ಕಾರ್ಖಾನೆ, ಆಸ್ಪತ್ರೆ, ಶಾಲೆ ಅವರ ಕೆಲಸದ ಜಾಗ. ಅವರಿಗೆ ಸಕ್ಕರೆ ಕೋಟಾ ಹೇಳಿ ವೋಟು ಕೇಳುವುದು ಕಷ್ಟ ಅಲ್ವಾ?

2018ರ ವಾಣಿಜ್ಯ ಸಮರ ಇದನ್ನು ತೋರಿಸಿಕೊಟ್ಟಿತು. ಅಮೆರಿಕದ ಸೋಯಾಗೆ ಚೀನಾ ಶೇ. 25ರ ಪ್ರತಿಸುಂಕ ಹಾಕಿತು. ಇಲ್ಲಿನ ಸೋಯಾ ರೈಲಿನಲ್ಲಿ ಪಶ್ಚಿಮ ಕರಾವಳಿಗೆ ಹೋಗಿ ಹಡಗೇರುತ್ತಿದ್ದದ್ದೇ ಚೀನಾಕ್ಕೆ. ಸರ್ಕಾರ ಪರಿಹಾರ ಹಂಚಿತು. ಬೆಲೆ ಬಿದ್ದರೆ ಸರ್ಕಾರವೇ ಬದಲಾಗುತ್ತಿದ್ದ ಸೀಮೆಯಲ್ಲಿ ಈ ಸಲ ಬೆಲೆ ಚುನಾವಣೆಯ ವಿಷಯ ಆಗಲಿಲ್ಲ. 2019ರಲ್ಲಿ ಟ್ರಂಪ್ ವಿರುದ್ಧದ ಮಹಾಭಿಯೋಗದ ಎರಡೂ ಆರೋಪಗಳಿಗೆ 'ಇಲ್ಲ' ಅಂದ ಇಬ್ಬರೇ ಡೆಮಾಕ್ರಟರಲ್ಲಿ ಪೀಟರ್‌ಸನ್ ಒಬ್ಬರು. ಅದೂ ಸಾಲಲಿಲ್ಲ. 2020ರಲ್ಲಿ ಎದುರಾಳಿ ರಿಪಬ್ಲಿಕನ್ ಪಕ್ಷದ ಮಿಶೆಲ್ ಫಿಷ್‌ಬ್ಯಾಕ್. ರಾಜ್ಯ ಸೆನೆಟ್ ಅಧ್ಯಕ್ಷೆಯಾಗಿದ್ದವರು, 2018ರಿಂದ 2019ರ ಜನವರಿವರೆಗೆ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಆಗಿದ್ದವರು. ಪೀಟರ್‌ಸನ್ ಎಷ್ಟೇ ದೂರ ನಿಂತರೂ ಅವರ ಮತ ಯಾವ ಪಕ್ಷದ ಸ್ಪೀಕರ್‌ಗೆ ಹೋಗುತ್ತದೆ ಅನ್ನುವುದೇ ಪ್ರಚಾರದ ಮುಖ್ಯ ಮಾತಾಯಿತು. 1958ರಂತೆ ಈ ಸಲವೂ ಕೃಷಿ ಸಮಿತಿಯ ಕುರ್ಚಿ ತಕ್ಕಡಿಯಲ್ಲಿ ಹಗುರವಾಯಿತು.

ಫಿಷ್‌ಬ್ಯಾಕ್ ಮೊದಲು ಕೃಷಿ ಸಮಿತಿಯಲ್ಲೇ ಇದ್ದರು. 2023ರಲ್ಲಿ ತೆರಿಗೆ ಮತ್ತು ವಾಣಿಜ್ಯ ನೋಡಿಕೊಳ್ಳುವ ವೇಸ್ ಆ್ಯಂಡ್ ಮೀನ್ಸ್ ಸಮಿತಿಗೆ ಹೋದರು. ಅದು ಹೆಚ್ಚು ತೂಕದ ಸಮಿತಿ, ಸುಂಕದ ವಿಷಯವೂ ಅಲ್ಲೇ ಬರುತ್ತದೆ. ಆದರೂ 2018ರ ಕೃಷಿ ಕಾಯ್ದೆಯ ಅವಧಿ 2023ರಲ್ಲಿ ಮುಗಿದು, ಹೊಸದು ಬಾರದೆ ಬರೀ ವಿಸ್ತರಣೆಯ ಮೇಲೆ ನಡೆದ ದಿನಗಳಲ್ಲಿ ಆ ಮಸೂದೆ ಬರೆಯುವ ಮೇಜಿನಲ್ಲಿ ಈ ಕ್ಷೇತ್ರದವರು ಇರಲಿಲ್ಲ. ಇದು ಸಣ್ಣ ನಷ್ಟ ಅಂತ ನನಗೆ ಅನ್ನಿಸುವುದಿಲ್ಲ.

2022ರಲ್ಲಿ ನ್ಯಾಯಾಲಯ ಬರೆದ ಹೊಸ ನಕ್ಷೆ ಒಜಿಬ್ವೆ ಜನರ ವೈಟ್ ಅರ್ಥ್ ಮತ್ತು ರೆಡ್ ಲೇಕ್ ಮೀಸಲು ಪ್ರದೇಶಗಳನ್ನು ಪಕ್ಕದ 8ನೇ ಕ್ಷೇತ್ರಕ್ಕೆ ಸೇರಿಸಿತು. ಬುಡಕಟ್ಟುಗಳ ದನಿ ಒಂದೇ ಕಡೆ ಒಟ್ಟಾಗಲಿ ಅನ್ನುವುದು ಅದರ ಹಿಂದಿನ ಯೋಚನೆ. ಆದರೆ ಇಲ್ಲಿ ಡಿಎಫ್‌ಎಲ್‌ಗೆ ಉಳಿದ ಆಸರೆ ಇನ್ನೂ ಕಡಿಮೆಯಾಯಿತು. ನವೆಂಬರ್‌ನ ಫಲಿತಾಂಶ ಮೊದಲೇ ಗೊತ್ತಿರುವಂತಾಗಿ, ನಿಜವಾದ ಸ್ಪರ್ಧೆ ಆಗಸ್ಟ್‌ನ ಪ್ರೈಮರಿಗೆ ಸರಿದಿದೆ. ಅಲ್ಲಿಗೆ ಮತ ಹಾಕಲು ಬರುವವರು ತೀರಾ ಕಡಿಮೆ. 2024ರಲ್ಲಿ ಫಿಷ್‌ಬ್ಯಾಕ್ ಅವರಿಗೆ ಸವಾಲು ಬಂದದ್ದೂ ಸ್ವಂತ ಪಕ್ಷದ ಒಳಗಿನಿಂದಲೇ.

ಇನ್ನು ಮುಂದಿನ ತಿರುವು ಜನಗಣತಿಯದು. 2020ರ ಎಣಿಕೆಯಲ್ಲಿ ಮಿನ್ನೆಸೋಟ ತನ್ನ 8 ಸೀಟು ಉಳಿಸಿಕೊಂಡದ್ದು ಕೂದಲೆಳೆಯಲ್ಲಿ. ನ್ಯೂಯಾರ್ಕ್‌ನಲ್ಲಿ ಇನ್ನು 89 ಜನ ಜಾಸ್ತಿ ಲೆಕ್ಕಕ್ಕೆ ಸಿಕ್ಕಿದ್ದರೆ ಆ ಕೊನೆಯ ಸೀಟು ಅಲ್ಲಿಗೆ ಹೋಗುತ್ತಿತ್ತು. ಪ್ರತಿ ಕ್ಷೇತ್ರಕ್ಕೂ ಈಗ ಸುಮಾರು 7,13,000 ಜನ. 2030ರಲ್ಲಿ ಒಂದು ಸೀಟು ಹೋದರೆ ಆ ಲೆಕ್ಕ ಏರುತ್ತದೆ. ಜನ ತೆಳುವಾಗಿರುವ ಪಶ್ಚಿಮದ ಈ ಕ್ಷೇತ್ರ ಪೂರ್ವಕ್ಕೆ, ಟ್ವಿನ್ ಸಿಟೀಸ್‌ನ (ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಜೋಡಿ ನಗರಗಳ) ಉಪನಗರಗಳ ಕಡೆಗೆ ಇನ್ನಷ್ಟು ಚಾಚಬೇಕಾಗುತ್ತದೆ. ಬೀಟ್ ಬೆಳೆಯುವವರ ಪಾಲು ಆಗ ಇವತ್ತಿಗಿಂತಲೂ ಚಿಕ್ಕದಾಗುತ್ತದೆ.