ಕಟ್ ಮೇಲೆ ಸಮ ಬೀಳಿಸುವ ಲೆಕ್ಕ

ಪುಣೆಯಲ್ಲಿ ಸೌಂಡ್ ಕಲಿಯುತ್ತಿರುವ ಕನ್ನಡದವರಿಗಾಗಿ ಈ ಟಿಪ್ಪಣಿ. ಪಾತ್ರಗಳಿಗೂ ಕೇಳಿಸುವ ರೇಡಿಯೊ ಬೇರೆ, ನೋಡುಗರಿಗಷ್ಟೇ ಕೇಳಿಸುವ ಹಿನ್ನೆಲೆ ಸಂಗೀತ ಬೇರೆ ಅನ್ನುವುದು ಎಲ್ಲರಿಗೂ ಗೊತ್ತು, ಬಿಡಿ. ಎಡವುವುದು ಚಿತ್ರದ ಕಟ್ ಅಥವಾ ಘಟನೆಯ ಮೇಲೆ ಸಮ, ಅಂದರೆ ತಾಳದ ಒಂದು ಸುತ್ತಿನ (ಆವರ್ತದ) ಮೊದಲ ಪೆಟ್ಟು, ಬೀಳಿಸುವ ಎಣಿಕೆಯಲ್ಲಿ.

ಸಿನಿಮಾಕ್ಕೆ ಸೆಕೆಂಡಿಗೆ 24 ಫ್ರೇಮ್, ನಮ್ಮ ಟಿವಿಗೆ 25. ಒಂದು ಮಾತ್ರೆಗೆ, ಅಂದರೆ ತಾಳದ ಒಂದು ಎಣಿಕೆಗೆ, ಎಷ್ಟು ಫ್ರೇಮ್ ಎಂದು ತಿಳಿಯಲು ಸಿನಿಮಾದಲ್ಲಿ 1440ನ್ನು, ಟಿವಿಯಲ್ಲಿ 1500ನ್ನು ಬಿಪಿಎಂನಿಂದ (ನಿಮಿಷಕ್ಕೆ ಎಷ್ಟು ಮಾತ್ರೆ ಎಂಬ ಸಂಖ್ಯೆಯಿಂದ) ಭಾಗಿಸಿ. ಸಿನಿಮಾದಲ್ಲಿ 90 ಬಿಪಿಎಂ ಅಂದರೆ ಮಾತ್ರೆಗೆ 16 ಫ್ರೇಮ್.

ಒಂದು ದೃಶ್ಯ ಇಟ್ಟುಕೊಳ್ಳೋಣ. ಶನಿವಾರ ಪೇಠೆಯ ಹಳೇ ವಾಡೆ. ಸಂಗೀತ ಶುರುವಾಗಿ 17 ಸೆಕೆಂಡು 8 ಫ್ರೇಮಿಗೆ ದೊಡ್ಡ ಬಾಗಿಲು ಧಡ್ ಎಂದು ಮುಚ್ಚುತ್ತದೆ. ತಬಲಾ 8 ಮಾತ್ರೆಯ ಕೆಹರ್ವಾ ತಾಳ, 90 ಬಿಪಿಎಂ. ಬಾಗಿಲಿನ ಮೇಲೆ ಸಮ ಬೀಳಬೇಕು.

17 × 24 + 8 = 416 ಫ್ರೇಮ್. 416 ÷ 16 = 26. ಹಾಗಾದರೆ ಬಾಗಿಲು 26ನೇ ಮಾತ್ರೆಯ ಮೇಲೋ? ಅಲ್ಲ, 27ನೆಯದರ ಮೇಲೆ! ಮೊದಲ ಮಾತ್ರೆ ಬೀಳುವುದೇ ಸೊನ್ನೆಯಲ್ಲಿ. ಅಂಗೈ ಅಗಲಿಸಿ ನೋಡಿ: ಬೆರಳು ಐದು, ನಡುವಿನ ಸಂದು ನಾಲ್ಕೇ. ಭಾಗಾಕಾರ ಕೊಡುವುದು ಸಂದುಗಳನ್ನು, ತಬಲಾದವರು ಎಣಿಸುವುದು ಬೆರಳುಗಳನ್ನು. 26 ಸಂದು ಕಳೆದ ಮೇಲೆ 27ನೇ ಪೆಟ್ಟು. ಸಮ ಬರುವುದು 1, 9, 17, 25ರಲ್ಲಿ. ಅಂದರೆ ಬಾಗಿಲು ಬಿದ್ದದ್ದು ನಾಲ್ಕನೇ ಆವರ್ತದ ಮೂರನೇ ಮಾತ್ರೆಯ ಮೇಲೆ. ಸಮದ ನೆನಪೇ ಇಲ್ಲದ ಜಾಗ.

ಲಯ ಬದಲಿಸಬಹುದು: 416 ಫ್ರೇಮಿಗೆ 24 ಸಂದು ಕೂರಿಸಿದರೆ 83.08 ಬಿಪಿಎಂ. ಇದನ್ನು 83 ಮಾಡಿದರೆ ಬಾಗಿಲಿನ ಹೊತ್ತಿಗೆ ಅರ್ಧ ಫ್ರೇಮೂ ತಪ್ಪುವುದಿಲ್ಲ, ಆದರೆ ಅದೇ ಲಯ ಎರಡು ನಿಮಿಷ ಸಾಗಿದರೆ ಎರಡೂವರೆ ಫ್ರೇಮಿಗೂ ಹೆಚ್ಚು ಜಾರುತ್ತದೆ. ಲಯ ಮುಟ್ಟದೆ ಸಂಗೀತವನ್ನೇ 32 ಫ್ರೇಮ್ ತಡವಾಗಿ ಶುರುಮಾಡುವುದು ಇನ್ನೊಂದು ದಾರಿ. ಎಲ್ಲಕ್ಕಿಂತ ಚೆಂದದ್ದು ಮುಖಡಾ, ಅಂದರೆ ಸಮಕ್ಕೆ ಕರೆದೊಯ್ಯುವ ಎತ್ತುಗಡೆ: ಏಳನೇ ಮಾತ್ರೆಯಿಂದ ಎತ್ತಿಕೊಳ್ಳಿ. ಏಳು, ಎಂಟು, ಸಮ. ಆ ಎರಡು ಮಾತ್ರೆಗೇ 32 ಫ್ರೇಮ್ ತೀರಿತು, ಆಮೇಲೆ ಮೂರು ಪೂರ್ತಿ ಆವರ್ತ, ಬಾಗಿಲು. ಮೌನವೂ ಬೇಡ, ಲಯ ತಿರುಚುವ ಗೋಜೂ ಬೇಡ.

ಇಷ್ಟಾದರೂ ತಪ್ಪಿದರೆ ಎಣಿಕೆ ಎಲ್ಲಿಂದ ಶುರುವಾಯಿತೆಂದು ನೋಡಿ. ರೀಲಿನ ತಲೆಯಲ್ಲಿ ಕೇಳುವ ಒಂದು ಫ್ರೇಮಿನ ಪಿಪ್ ಸದ್ದು ಚಿತ್ರದ ಮೊದಲ ಫ್ರೇಮಿಗಿಂತ ಎರಡು ಸೆಕೆಂಡು ಮುಂಚೆ ಇರುತ್ತದೆ. ಅಲ್ಲಿಂದ ಅಳೆದರೆ 48 ಫ್ರೇಮ್ ಹೆಚ್ಚು ಬರುತ್ತದೆ, ನಮ್ಮ ಲಯದಲ್ಲಿ ಸರಿಯಾಗಿ ಮೂರು ಮಾತ್ರೆ. ಪೂರ್ಣಾಂಕವಾದ್ದರಿಂದ ಅನುಮಾನವೇ ಬರುವುದಿಲ್ಲ.

ಮಿಕ್ಸಿನಲ್ಲಿ ಬಾಗಿಲಿನ ಧಡ್ ಮತ್ತು ಡಗ್ಗಾದ (ತಬಲಾ ಜೋಡಿಯ ಎಡಗೈ ವಾದ್ಯದ) ತಗ್ಗುದನಿ ಒಟ್ಟಿಗೆ ಬಿದ್ದರೆ ಎರಡೂ ರಾಡಿ. ಆ ಒಂದು ಸಮದಲ್ಲಿ ಎರಡೂ ಕೈಯ ಧಾ ಬದಲು ಬಲಗೈಯದಷ್ಟೇ ಆದ ತಾ ನುಡಿಸಲು ಹೇಳಿ, ಡಗ್ಗಾ ಸುಮ್ಮನಿರುತ್ತದೆ. ಬಾಗಿಲಿನ ಸದ್ದು ಚಿತ್ರಕ್ಕೇ ಅಂಟಿರಲಿ. ತಾ ಒಂದು ಫ್ರೇಮ್ ತಡವಾದರೆ ಕಿವಿ ಒಪ್ಪುತ್ತದೆ, ಮುಂಚೆ ಬಂದರೆ ತಕ್ಷಣ ಹಿಡಿಯುತ್ತದೆ.