ಎಡಿಎಚ್‌ಡಿಗೆ ಥೆರಪಿಸ್ಟ್ ಹುಡುಕ್ತಿದ್ರೆ ಫೋನಲ್ಲೇ ಇದನ್ನ ಕೇಳಿ

ದೊಡ್ಡೋರಾದ್ಮೇಲೆ ಎಡಿಎಚ್‌ಡಿ (ಚಿಕ್ಕಂದಿನಿಂದಲೇ ಗಮನ ಒಂದು ಕಡೆ ನಿಲ್ಲದೆ, ಚಡಪಡಿಕೆ ಆಗೋ ತೊಂದ್ರೆ) ಅಂತ ಗೊತ್ತಾಗಿ ನನ್ನ ಹತ್ರ ಬರೋರಲ್ಲಿ ತುಂಬಾ ಜನ ಅಷ್ಟೊತ್ತಿಗಾಗ್ಲೇ ಒಬ್ರೋ ಇಬ್ರೋ ಥೆರಪಿಸ್ಟ್‌ನ ನೋಡಿ ಬಿಟ್ಟಿರ್ತಾರೆ. ಯಾಕೆ ಬಿಟ್ರಿ ಅಂತ ಕೇಳಿದ್ರೆ, "ಮೇಡಂ, ಅವ್ರು ಚೆನ್ನಾಗೇ ಮಾತಾಡ್ತಿದ್ರು, ಮನಸು ಹಗುರ ಆಗ್ತಿತ್ತು, ಆದ್ರೆ ಮನೆಗೆ ಬಂದ್ರೆ ಕರೆಂಟ್ ಬಿಲ್ ಕಟ್ದೇ ಹಾಗೇ ಬಿದ್ದಿರ್ತಿತ್ತು" ಅಂತಾರೆ. ಎಡಿಎಚ್‌ಡಿ ಇರೋರಿಗೆ ಏನು ಮಾಡ್ಬೇಕು ಅನ್ನೋದು ಚೆನ್ನಾಗೇ ಗೊತ್ತಿರುತ್ತೆ, ಗೊತ್ತಿರೋದನ್ನ ಆ ಹೊತ್ತಿಗೆ ಶುರು ಮಾಡೋದೇ ಕಷ್ಟ, ಹಾಗಾಗಿ ಥೆರಪಿ ಅಲ್ಲೇ ಕೈ ಹಾಕ್ಬೇಕು.

ಯಾರು ಏನು ಮಾಡ್ತಾರೆ ಅನ್ನೋದು ಮೊದ್ಲು ತಿಳ್ಕೊಳಿ. ಸೈಕಿಯಾಟ್ರಿಸ್ಟ್ ಅಂದ್ರೆ ಎಂಬಿಬಿಎಸ್ ಮಾಡಿ ಮನೋವೈದ್ಯ ಓದಿದ ಡಾಕ್ಟ್ರು, ಮಾತ್ರೆ ಬರೆಯೋರು ಅವ್ರೇ. ಪರೀಕ್ಷೆ, ಥೆರಪಿ ಮಾಡೋ ಕ್ಲಿನಿಕಲ್ ಸೈಕಾಲಜಿಸ್ಟ್‌ಗೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ನಂಬರ್ ಇರುತ್ತೆ, ಅದನ್ನ ಕೇಳೋಕೆ ಸಂಕೋಚ ಬೇಡ, ಕೇಳಿದ್ರೆ ಬೇಜಾರು ಮಾಡ್ಕೊಳೋರ ಹತ್ರ ಹೋಗೋದೇ ಬೇಡ. ಎಡಿಎಚ್‌ಡಿ ಇದೆಯಾ ಅಂತ ನೋಡಿಸ್ಕೊಳೋಕೆ ಈ ಇಬ್ರ ಹತ್ರಾನೇ ಹೋಗಿ. ಹನ್ನೆರಡು ವರ್ಷ ತುಂಬೋ ಮುಂಚೆನೇ ಲಕ್ಷಣ ಇತ್ತಾ, ಮನೆ ಆಫೀಸು ಎರಡೂ ಕಡೆ ತೊಂದ್ರೆ ಆಗ್ತಿದ್ಯಾ, ನಿದ್ದೆ, ಥೈರಾಯ್ಡ್, ಡಿಪ್ರೆಶನ್ ಏನಾದ್ರೂ ಕಾರಣನಾ ಅಂತ ವಿಚಾರಿಸ್ದೆ, ಆನ್‌ಲೈನ್ ಪ್ರಶ್ನಾವಳಿಯ ಸ್ಕೋರ್ ನೋಡಿ ಹದಿನೈದು ನಿಮಿಷದಲ್ಲಿ ಹೌದು ಅಂದುಬಿಟ್ರೆ ಅದನ್ನ ನಾನು ಒಪ್ಪಲ್ಲ. ಹಳೇ ಮಾರ್ಕ್ಸ್ ಕಾರ್ಡ್ ಇದ್ರೆ ತಗೊಂಡು ಹೋಗಿ, ಚಿಕ್ಕೋರಿದ್ದಾಗ ಹೇಗಿದ್ರಿ ಅಂತ ಅಮ್ಮನನ್ನ ಕೇಳಿ ಬರ್ಕೊಂಡು ಹೋಗಿ, ಮುಖ್ಯವಾಗಿ ಹೆಣ್ಮಕ್ಕಳು, ಯಾಕಂದ್ರೆ ಕ್ಲಾಸಲ್ಲಿ ಸುಮ್ನೆ ಕಿಟಕಿ ನೋಡ್ತಾ ಕೂತಿದ್ದ ಹುಡುಗಿ ಯಾರಿಗೂ ತೊಂದ್ರೆ ಕೊಡ್ಲಿಲ್ಲ, ಅದಕ್ಕೇ ಯಾರೂ ಗಮನಿಸ್ಲಿಲ್ಲ.

ಮಾತ್ರೆ ಶುರುವಾದ್ರೆ ಒಂದು ಮಾತು. ಮಿಥೈಲ್‌ಫೆನಿಡೇಟ್ ಅನ್ನೋ ಎಡಿಎಚ್‌ಡಿ ಮಾತ್ರೆ ನಮ್ಮಲ್ಲಿ ಶೆಡ್ಯೂಲ್ ಎಕ್ಸ್, ಅಂದ್ರೆ ಮಾರಾಟಕ್ಕೆ ಬಿಗಿ ನಿಯಮ ಇರೋ ಔಷಧಿ, ಚೀಟಿ ಎರಡು ಪ್ರತಿ ಬೇಕು, ಒಂದನ್ನ ಅಂಗಡಿಯವ್ರು ಎರಡು ವರ್ಷ ಇಟ್ಕೋಬೇಕು, ಹಾಗಾಗಿ ಎಲ್ಲಾ ಮೆಡಿಕಲ್ ಶಾಪಲ್ಲೂ ಸಿಗಲ್ಲ. ಎಲ್ಲಿ ಸಿಗುತ್ತೆ ಅಂತ ಡಾಕ್ಟ್ರನ್ನೇ ಕೇಳ್ಕೊಂಡು ಬನ್ನಿ.

ಈಗ ಥೆರಪಿಸ್ಟ್‌ಗೆ ಫೋನ್ ಮಾಡೋದು. ದೊಡ್ಡೋರ ಎಡಿಎಚ್‌ಡಿ ಕೇಸು ನೋಡ್ತೀರಾ, ಸೆಷನ್ನಲ್ಲಿ ಏನೇನು ಮಾಡಿಸ್ತೀರಾ ಅಂತೆಲ್ಲಾ ಕೇಳಿ, ಆದ್ರೆ ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸೋದು ಇದು: "ನೀವು ಹೇಳಿದ್ದನ್ನ ನಾನು ಒಂದು ವಾರ ಮಾಡ್ದೇ ಬಂದ್ರೆ ಏನ್ಮಾಡ್ತೀರಾ?" ಎಲ್ಲಿ ನಿಂತೋಯ್ತು ಅಂತ ಇಬ್ರೂ ಕೂತು ನೋಡೋಣ, ಕೆಲ್ಸನ ಇನ್ನೂ ಚಿಕ್ಕದು ಮಾಡೋಣ, ಬೇಕಿದ್ರೆ ಆ ಬಿಲ್ಲನ್ನ ಸೆಷನ್ನಲ್ಲೇ ಕಟ್ಟಿಬಿಡೋಣ ಅಂದ್ರೆ ಅವ್ರಿಗೆ ವಿಷ್ಯ ಗೊತ್ತಿದೆ. "ನಿಮಗೇ ಮನಸಿರ್ಬೇಕಲ್ವಾ" ಅಂದ್ರೆ ಥ್ಯಾಂಕ್ಸ್ ಹೇಳಿ ಫೋನ್ ಇಡಿ. ಆ ಮಾತನ್ನ ನೀವು ಒಂದನೇ ಕ್ಲಾಸಿಂದ ಕೇಳ್ಕೊಂಡು ಬಂದಿದ್ದೀರಿ, ದುಡ್ಡು ಕೊಟ್ಟು ಮತ್ತೆ ಕೇಳೋದು ಬೇಡ.

ಈ ಫೋನ್ ಮಾಡೋದೇ ಎಷ್ಟೋ ಜನಕ್ಕೆ ಆರು ತಿಂಗಳು ಮುಂದೆ ಹೋಗುತ್ತೆ. ಅಕ್ಕನಿಗೋ ಗಂಡನಿಗೋ ಫ್ರೆಂಡ್‌ಗೋ ನೀನೇ ಮಾಡಿ ಟೈಮ್ ತಗೋ ಅಂತ ಹೇಳಿ, ಅದ್ರಲ್ಲಿ ನಾಚ್ಕೊಳೋಕೆ ಏನೂ ಇಲ್ಲ. ಪ್ರತಿ ವಾರ ಒಂದೇ ದಿನ ಒಂದೇ ಹೊತ್ತಿಗೆ ಕೊಡಿ, ಹಿಂದಿನ ದಿನ ಮೆಸೇಜ್ ಹಾಕಿ ಅಂತಾನೂ ಕೇಳಿ.

ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಅನ್ನೋ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆಗಳಿವೆ, ಜಿಲ್ಲಾಸ್ಪತ್ರೆ ಮನೋವೈದ್ಯರ ಹತ್ರಾನೂ ಶುರು ಮಾಡ್ಬಹುದು. ಏನೂ ದಿಕ್ಕು ತೋಚದಿದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡ್ಬೇಕಿಲ್ಲ, ಕನ್ನಡದಲ್ಲೇ ಮಾತಾಡ್ಬಹುದು. ಕನ್ನಡದ ಥೆರಪಿಸ್ಟೇ ಬೇಕು ಅಂತ ಹಠ ಹಿಡಿಯೋದು ಒಳ್ಳೇದೇ, ಅಪ್ಪ ಬೈದಿದ್ದನ್ನ ಇಂಗ್ಲಿಷಲ್ಲಿ ಹೇಳೋಕೆ ಹೋಗಿ ಅರ್ಧಕ್ಕೇ ಬಿಟ್ಟೋರನ್ನ ನೋಡಿದ್ದೀನಿ. ಊರಲ್ಲಿ ಯಾರೂ ಇಲ್ದಿದ್ರೆ ವಿಡಿಯೋ ಕಾಲ್ ಸಾಕು.

ಐದಾರು ಸೆಷನ್ ಆದ್ಮೇಲೆ ದಿನನಿತ್ಯದಲ್ಲಿ ಒಂದಾದ್ರೂ ಬದಲಾಗಿದ್ಯಾ ನೋಡಿ. ಇಲ್ಲ ಅಂದ್ರೆ ಅವ್ರಿಗೇ ನೇರವಾಗಿ ಹೇಳಿ, ಆಗ್ಲೂ ಸರಿಹೋಗ್ದಿದ್ರೆ ಬೇರೆಯವ್ರನ್ನ ನೋಡಿ. ಹೋಗೋ ಮುಂಚೆ ನಿಮ್ಮ ರಿಪೋರ್ಟ್ ಇಸ್ಕೊಳೋದು ಮರೀಬೇಡಿ, 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ನಿಮ್ಮ ದಾಖಲೆ ನೋಡೋ ಹಕ್ಕು ನಿಮಗಿದೆ, ಹೊಸಬ್ರ ಹತ್ರ ಎಲ್ಲಾ ಮೊದಲಿಂದ ಹೇಳೋ ಕಷ್ಟಾನೂ ತಪ್ಪುತ್ತೆ.