ಮಾರ್ಟ್‌ಗೇಜ್‌ನಲ್ಲಿ ಸತ್ತದ್ದು ಯಾವುದು?

ಬ್ಯಾಂಕಿಂಗ್ ಪರೀಕ್ಷೆಗೆ ಓದುತ್ತಿದ್ದೇನೆ. ಮೂರು ದಿನ ಈ ಒಂದೇ ಪದ ನನ್ನ ತಲೆ ತಿಂದಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮಾರ್ಟ್‌ಗೇಜ್ ಅಂದರೆ ಅಡಮಾನ, ಅದು ಗೊತ್ತಿದ್ದದ್ದೇ. ಪದ ಮಾತ್ರ ಹಳೆಯ ಫ್ರೆಂಚಿನದು. ‘ಮೋರ್’ ಅಂದರೆ ಸತ್ತ, ‘ಗಾಜ್’ ಅಂದರೆ ಒತ್ತೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಅಲ್ಲಿನ ಕಾನೂನಿಗೆ ಫ್ರೆಂಚ್ ಪದಗಳು ರಾಶಿ ರಾಶಿ ಬಂದವು. ಅದರಲ್ಲಿ ಇದೂ ಒಂದು.

ಒತ್ತೆ ಸಾಯುವುದು ಅಂದರೇನು? ಇಲ್ಲೇ ನಾನು ಮುಗ್ಗರಿಸಿದ್ದು. 17ನೇ ಶತಮಾನದ ನ್ಯಾಯಾಧೀಶ ಎಡ್ವರ್ಡ್ ಕೋಕ್ ಹೇಳಿದ ಅರ್ಥ ಹೀಗಿದೆ: ಸಾಲ ತೀರಿಸದಿದ್ದರೆ ಜಮೀನು ಸಾಲಗಾರನ ಪಾಲಿಗೆ ಸತ್ತಂತೆ. ತೀರಿಸಿದರೆ ಸಾಲ ಕೊಟ್ಟವನ ಪಾಲಿಗೆ ಸತ್ತಂತೆ. ಕೇಳಲು ಚೆಂದ. ಆದರೆ 12ನೇ ಶತಮಾನದ ಅರ್ಥ ಬೇರೆ, ನನಗೆ ಅದೇ ಜಾಸ್ತಿ ಹಿಡಿಸಿತು. ಆಗ ಒತ್ತೆ ಎರಡು ಬಗೆ: ಜೀವಂತ ಒತ್ತೆ, ಸತ್ತ ಒತ್ತೆ.

ಲೆಕ್ಕ ಹಾಕಿ ನೋಡೋಣ. 1,00,000 ರೂಪಾಯಿ ಸಾಲಕ್ಕೆ ಹೊಲ ಒತ್ತೆ ಇಟ್ಟಿದ್ದೀರಿ. ಉಳುವುದು ಸಾಲ ಕೊಟ್ಟವನು. ವರ್ಷಕ್ಕೆ 20,000 ಹುಟ್ಟುವಳಿ. ಅದನ್ನು ಅಸಲಿಗೆ ಜಮಾ ಮಾಡಿದರೆ 5 ವರ್ಷಕ್ಕೆ ಸಾಲ ಚುಕ್ತಾ, ಹೊಲ ವಾಪಸ್. ಹೊಲವೇ ದುಡಿದು ಸಾಲ ತೀರಿಸಿತು ಅಲ್ವಾ? ಅದು ಜೀವಂತ ಒತ್ತೆ. ಸತ್ತ ಒತ್ತೆಯಲ್ಲಿ ಅದೇ 20,000 ಪೂರ್ತಿ ಅವನ ಜೇಬಿಗೆ. 5 ವರ್ಷ ಆದರೂ ಅಸಲು 1,00,000 ಹಾಗೇ ನಿಂತಿರುತ್ತದೆ. ಸಾಲಗಾರನ ಪಾಲಿಗೆ ಹೊಲ ಇದ್ದೂ ಸತ್ತಂತೆ. ಚರ್ಚ್ ಇದನ್ನು ಬಡ್ಡಿಯ ಪಾಪ ಎಂದೇ ಎಣಿಸುತ್ತಿತ್ತು.

ಇಷ್ಟು ಬರೆದಾಗ ಬೆಂಗಳೂರಿನ ನಮ್ಮ ಚಿಕ್ಕಮ್ಮನ ಮನೆ ನೆನಪಾಯಿತು. 8 ಲಕ್ಷ ಕೊಟ್ಟು ಮೂರು ವರ್ಷಕ್ಕೆ ಭೋಗ್ಯಕ್ಕೆ ಹಾಕಿಕೊಂಡಿದ್ದಾರೆ. ಬಾಡಿಗೆ ಇಲ್ಲ, ಬಿಡುವಾಗ 8 ಲಕ್ಷ ಪೂರ್ತಿ ವಾಪಸ್. ಅಂದರೆ ಬಡ್ಡಿಗೆ ಬದಲು ವಾಸ, ಅಸಲು ಕರಗುವುದಿಲ್ಲ. ಥೇಟ್ ಆ ಸತ್ತ ಒತ್ತೆಯ ಲೆಕ್ಕವೇ! ಆ ಕಾಲದವರು ಸಾವನ್ನು ನೋಡಿ ಹೆಸರಿಟ್ಟರು, ನಾವು ಭೋಗವನ್ನು ನೋಡಿ ಇಟ್ಟೆವು. (ಕರಾರಿನಲ್ಲಿ ಲೀಸ್ ಅಂತ ಬರೆದಿದ್ದರೆ ಕಾನೂನಿನ ಮಾತು ಬೇರೆಯಾಗಬಹುದು. ಪರೀಕ್ಷೆಯಲ್ಲಿ ಸುಮ್ನೆ ಚಿಕ್ಕಮ್ಮನ ಉದಾಹರಣೆ ಬರೆಯಬೇಡಿ.)

ನಮ್ಮಲ್ಲಿ ಇದಕ್ಕೆ 1882ರ ಆಸ್ತಿ ವರ್ಗಾವಣೆ ಕಾಯ್ದೆ, 58ನೇ ಸೆಕ್ಷನ್. ಆರು ಬಗೆ ಹೇಳುತ್ತದೆ. ಭೋಗ್ಯದ ಅಡಮಾನ ಅದರಲ್ಲೊಂದು. ಹುಟ್ಟುವಳಿಯನ್ನು ಬಡ್ಡಿಗೂ ಹಿಡಿಯಬಹುದು, ಅಸಲಿಗೂ ಹಿಡಿಯಬಹುದು. ಸತ್ತದ್ದು, ಬದುಕಿದ್ದು ಎರಡೂ ಒಂದೇ ಸೂರಿನಡಿ. ಗೃಹಸಾಲಕ್ಕೆ ಬ್ಯಾಂಕಿನಲ್ಲಿ ಪತ್ರ ಇಡುತ್ತೇವಲ್ಲ, ಅದು ಹಕ್ಕುಪತ್ರ ಒಪ್ಪಿಸಿ ಮಾಡುವ ಅಡಮಾನ. ಅಲ್ಲಿ ಮನೆಯಲ್ಲಿ ಇರುವವರು ನಾವೇ.

ಇನ್ನು ಮಾರ್ಟ್‌ಗೇಜರ್, ಮಾರ್ಟ್‌ಗೇಜಿ. ಅಣಕು ಪರೀಕ್ಷೆಯಲ್ಲಿ ಎರಡು ಸಲ ತಪ್ಪು ಬರೆದೆ. ಚೆಕ್ಕಿನಲ್ಲಿ ‘ಪೇಯಿ’ ಅನ್ನುವವನಿಗೆ ದುಡ್ಡು ಸಿಗುತ್ತದೆ, ಹಾಗಾಗಿ ದುಡ್ಡು ಸಿಕ್ಕ ಸಾಲಗಾರನೇ ಮಾರ್ಟ್‌ಗೇಜಿ ಅಂದುಕೊಂಡಿದ್ದೆ. ತಪ್ಪು. ಇಲ್ಲಿ ಕೈ ಬದಲಾಗುವುದು ಯಾವುದು ಅಂತ ಕೇಳಿಕೊಳ್ಳಿ. ದುಡ್ಡಲ್ಲ, ಅಡಮಾನ. ಅಡಮಾನ ಕೊಡುವವನು ಸಾಲಗಾರ, ಅವನು ಮಾರ್ಟ್‌ಗೇಜರ್. ಪಡೆಯುವುದು ಬ್ಯಾಂಕು, ಅದು ಮಾರ್ಟ್‌ಗೇಜಿ. ‘ಬ್ಯಾಂಕ್ ನನಗೆ ಮಾರ್ಟ್‌ಗೇಜ್ ಕೊಟ್ಟಿತು’ ಅಂತ ಇಂಗ್ಲಿಷಿನಲ್ಲಿ ಮಾತಿಗೆ ಹೇಳುತ್ತಾರೆ, ನನ್ನನ್ನು ಕೆಡಿಸಿದ್ದು ಅದೇ. ಕಾನೂನಿನ ಲೆಕ್ಕದಲ್ಲಿ ಬ್ಯಾಂಕ್ ಸಾಲ ಕೊಟ್ಟಿತು, ನಾನು ಮಾರ್ಟ್‌ಗೇಜ್ ಕೊಟ್ಟೆ.

ಮಾರ್ಟ್‌ಗೇಜ್ ಅನ್ನುವುದು ಜಮೀನು, ಮನೆಗೆ. ಚಿನ್ನ ಗಿರವಿ ಇಟ್ಟರೆ ಅದು ಪ್ಲೆಡ್ಜ್. ಗಾಡಿ ಸಾಲಕ್ಕೆ ಹೈಪಾಥಿಕೇಶನ್, ಅಂದರೆ ಗಾಡಿ ನಮ್ಮ ಕೈಯಲ್ಲೇ, ಅದರ ಮೇಲೆ ಬ್ಯಾಂಕಿನ ಹಕ್ಕು. ಆರ್‌ಸಿಯಲ್ಲಿ ಬರೆದಿರುತ್ತದೆ. ತಮಾಷೆ ಏನು ಗೊತ್ತಾ? ಇವತ್ತು ಫ್ರಾನ್ಸಿನಲ್ಲಿ ಮನೆ ಅಡಮಾನಕ್ಕೆ ಮಾರ್ಟ್‌ಗೇಜ್ ಅನ್ನುವುದಿಲ್ಲ, ‘ಇಪೊತೆಕ್’ ಅನ್ನುತ್ತಾರೆ. ನಮ್ಮ ಆರ್‌ಸಿಯ ಹೈಪಾಥಿಕೇಶನ್ ಕೂಡ ಅದೇ ಗ್ರೀಕ್ ಬೇರಿನದು.